ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ: ಒಂದು ಸಿಲಿಕಾನ್ ಚೂರಿನ ಜಾಡು ಹಿಡಿದು

ಬೆಂಗಳೂರಿಗೆ ಬರುವ ನೆಂಟರಿಗೆ ತೋರಿಸಲು ಲಾಲ್‌ಬಾಗ್ ಇದೆ, ವಿಧಾನಸೌಧ ಇದೆ, ಕಮರ್ಷಿಯಲ್ ಸ್ಟ್ರೀಟ್ ಇದೆ. ಈ ಊರು ಎಲೆಕ್ಟ್ರಾನಿಕ್ಸ್‌ಗೆ ಹೆಸರುವಾಸಿ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ‘ಅದನ್ನೊಂದಿಷ್ಟು ತೋರಿಸಿ’ ಎಂದರೆ ಗಾಜಿನ ಎತ್ತರದ ಕಟ್ಟಡಗಳತ್ತ ಬೆರಳು ತೋರಿಸಿ ಸುಮ್ಮನಾಗುತ್ತೇವೆ. ಆ ಕಟ್ಟಡಗಳೊಳಗೆ ಏನು ನಡೆಯುತ್ತದೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮ ಅಡುಗೆಮನೆಯಲ್ಲೇ ಕುಳಿತಿರುವ ಎಲೆಕ್ಟ್ರಾನಿಕ್ಸ್ ಕೂಡ ನಮಗೆ ಅಷ್ಟೇ ಅಪರಿಚಿತ.

ಈ ಸಲ ರಜೆಯಲ್ಲಿ ಹಾಸನದಿಂದ ಶಿವಾಜಿನಗರದ ಆಪಾಳ ಮನೆಗೆ ಹೋದಾಗ ಅಲ್ಲೊಂದು ಸಣ್ಣ ಚರ್ಚೆ ನಡೆದಿತ್ತು. ಆಪಾಳ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಅವಳಿಗೆ ಎಲೆಕ್ಟ್ರಾನಿಕ್ಸ್ ಓದುವಾಸೆ. ಮನೆಯ ಹಿರಿಯರಿಗೆ ಅದು ಗಂಡುಮಕ್ಕಳ ಓದು. “ತಂತಿ, ಬೋರ್ಡು ಹಿಡಿದುಕೊಂಡು ಹುಡುಗಿ ಏನು ಮಾಡ್ತಾಳೆ? ಬಿ.ಎ. ಮಾಡಿ ಟೀಚರ್ ಆಗಲಿ” ಎಂಬುದು ಅವರ ಮಾತು. ಯಾರಲ್ಲೂ ಕೋಪವಿರಲಿಲ್ಲ. ಆದರೆ ಯಾರಿಗೂ ಆ ವಿಷಯ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ನಾನು, ಆಪಾ ಮತ್ತು ಅವಳು ಒಂದು ದಿನ ಬೆಳಗ್ಗೆ ಹೊರಟೆವು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ, ನಗರದ ಪೂರ್ವ ದಿಕ್ಕಿನಲ್ಲಿ ಈ ವಿದ್ಯೆಯ ಗುರುತು ಎಲ್ಲೆಲ್ಲಿ ಸಿಗುತ್ತದೋ ನೋಡೋಣ ಎಂದು.

ಕೆಟ್ಟ ಒಲೆಯೊಳಗೆ

ಮೊದಲ ನಿಲ್ದಾಣ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರ ರಿಪೇರಿ ಅಂಗಡಿ. ಆಪಾ ಮನೆಯಲ್ಲೇ ತಿಂಡಿಯ ಆರ್ಡರ್ ತೆಗೆದುಕೊಳ್ಳುವವಳು. ಅವಳ ಇಂಡಕ್ಷನ್ ಒಲೆ ಕೆಟ್ಟು ವಾರವಾಗಿತ್ತು. ಕೊಂಡ ಅಂಗಡಿಯಲ್ಲಿ ಕೇಳಿದರೆ “ಇದು ರಿಪೇರಿ ಆಗಲ್ಲ, ಹೊಸದೇ ತಗೊಳ್ಳಿ” ಎಂದಿದ್ದರು. ಗಲ್ಲಿಯ ಮೆಕ್ಯಾನಿಕ್ ಭಾಯ್ ಹಾಗೆ ಹೇಳಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಮೇಲಿನ ಗಾಜನ್ನು ಪಕ್ಕಕ್ಕಿಟ್ಟರು. ಒಳಗೆ ಚಕ್ಕುಲಿಯಂತೆ ಸುತ್ತಿದ ತಾಮ್ರದ ತಂತಿ, ಒಂದು ಪುಟ್ಟ ಫ್ಯಾನು, ಹಲ್ಲು ಹಲ್ಲಾದ ಅಲ್ಯುಮಿನಿಯಂ ತುಂಡು. ಆ ತುಂಡಿಗೆ ಬೆನ್ನು ಕೊಟ್ಟು ಕುಳಿತಿದ್ದುದು ಅಂಚೆ ಚೀಟಿಗಿಂತ ಚಿಕ್ಕದಾದ, ಮೂರು ಕಾಲುಗಳ ಕಪ್ಪು ಬಿಲ್ಲೆ.

“ಇದೇ ಸತ್ತಿರೋದು, ಅಮ್ಮಾ. ಐ.ಜಿ.ಬಿ.ಟಿ. ಅಂತಾರೆ. ಇದು ಹೋದ್ರೆ ಫ್ಯೂಸೂ ಹೋಗುತ್ತೆ” ಎಂದರು. ಫ್ಯಾನಿನ ರೆಕ್ಕೆಗಳ ಮೇಲೆ ಎಣ್ಣೆ, ಧೂಳು ಸೇರಿ ಅಂಟಾಗಿತ್ತು. ಕೆಳಗಿನ ಗಾಳಿಯ ಕಂಡಿಗಳು ಮುಚ್ಚಿದ್ದವು. “ಗಾಳಿ ಇಲ್ಲ, ಬಿಸಿ ಹೊರಗೆ ಹೋಗಲಿಲ್ಲ. ಮೆಷಿನ್ ಕೆಟ್ಟದ್ದಲ್ಲ, ಉಸಿರು ಕಟ್ಟಿದೆ ಅಷ್ಟೇ” ಎಂದು ನಕ್ಕರು. ಹೊಸ ಬಿಲ್ಲೆ ಕೂರಿಸುವ ಮೊದಲು ಅದರ ಬೆನ್ನಿಗೆ ಬಿಳಿಯ ಮುಲಾಮಿನಂಥದ್ದನ್ನು ಹಚ್ಚಿದರು. ಬಿಲ್ಲೆ ಮತ್ತು ಅಲ್ಯುಮಿನಿಯಂ ನಡುವೆ ಗಾಳಿ ಉಳಿಯದೆ ಬಿಸಿ ಸರಾಗವಾಗಿ ಹರಿಯಲೆಂದು ಅದು. ಹೊಸ ಒಲೆಯ ಬೆಲೆಯ ಐದರಲ್ಲೊಂದು ಪಾಲಿನೊಳಗೆ ಕೆಲಸ ಮುಗಿಯಿತು.

ಹುಡುಗಿ ಸತ್ತ ಬಿಲ್ಲೆಯನ್ನು ಕೇಳಿ ತೆಗೆದುಕೊಂಡು ಪರ್ಸಿನಲ್ಲಿಟ್ಟುಕೊಂಡಳು. ಅದರ ಹೆಸರನ್ನು ನೆನಪಿಟ್ಟುಕೊಳ್ಳಿ. ಇನ್ಸುಲೇಟೆಡ್ ಗೇಟ್ ಬೈಪೋಲಾರ್ ಟ್ರಾನ್ಸಿಸ್ಟರ್ ಎಂಬ ಉದ್ದನೆಯ ಹೆಸರಿನ ಚುಟುಕು ರೂಪ ಐ.ಜಿ.ಬಿ.ಟಿ. ನಮ್ಮ ಆ ದಿನದ ತಿರುಗಾಟವೆಲ್ಲ ಅದರ ಜಾಡಿನಲ್ಲೇ ಸಾಗಿತು.

ಹಾಲಿಗೆ ಹೆಪ್ಪು ಹಾಕಿದಂತೆ

ಅಲ್ಲಿಂದ ಆಟೋ ಹಿಡಿದು ಮಿಲ್ಲರ್ಸ್ ರಸ್ತೆಯ ಕಡೆಗೆ ಹೋದೆವು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಬೆಂಗಳೂರಿನಲ್ಲಿ ತನ್ನ ಮೊದಲ ಕಚೇರಿ ತೆರೆದದ್ದು ಈ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ. ಅಮೆರಿಕಕ್ಕೆ ಸಂಪರ್ಕ ಕಲ್ಪಿಸುವ ಉಪಗ್ರಹ ಡಿಶ್ ಆಂಟೆನಾದ ಭಾಗಗಳು ಎತ್ತಿನ ಗಾಡಿಯಲ್ಲಿ ಬಂದವೆಂಬ ಸಂಗತಿ ಇಂದಿಗೂ ಜನರ ಬಾಯಲ್ಲಿದೆ. ಚಿಪ್‌ಗಳ ನಕ್ಷೆ ಬರೆಯುವ ಕೆಲಸ ಕಂಟೋನ್ಮೆಂಟಿನಲ್ಲಿ ಹೀಗೆ ಶುರುವಾಯಿತು. ಈಗ ಆ ಕಂಪೆನಿ ಇಂದಿರಾನಗರದ ಆಚೆ ಸಿ.ವಿ. ರಾಮನ್ ನಗರದಲ್ಲಿದೆ.

“ಖಾಲಾ, ಚಿಪ್ ಅಂದ್ರೆ ಮರಳಿನಿಂದ ಮಾಡಿದ್ದು ಅಂತ ಪುಸ್ತಕದಲ್ಲಿದೆ. ಮರಳಿನಲ್ಲಿ ಕರೆಂಟು ಹರಿಯುತ್ತಾ?” ಎಂದು ಹುಡುಗಿ ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಆಪಾಳಿಗೂ ಅರ್ಥವಾಗುವಂತೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮರಳಿನಿಂದ ಸಿಲಿಕಾನ್ ಎಂಬ ಮೂಲವಸ್ತುವನ್ನು ಬೇರ್ಪಡಿಸಿ, ಬಹಳ ಶುದ್ಧಗೊಳಿಸಿ, ದೊಡ್ಡ ಹರಳಾಗಿ ಬೆಳೆಸುತ್ತಾರೆ. ಶುದ್ಧ ಸಿಲಿಕಾನಿನಲ್ಲಿ ವಿದ್ಯುತ್ತು ಹೆಚ್ಚು ಹರಿಯದು. ಏಕೆಂದರೆ ಅದರ ಪ್ರತಿ ಪರಮಾಣುವೂ ತನ್ನ ಹೊರಗಿನ ನಾಲ್ಕು ಎಲೆಕ್ಟ್ರಾನುಗಳನ್ನು ನಾಲ್ಕು ನೆರೆಯವರೊಂದಿಗೆ ಕೈ ಹಿಡಿಸಿ ಕೂರಿಸಿರುತ್ತದೆ. ಓಡಾಡಲು ಯಾರಿಗೂ ಬಿಡುವಿಲ್ಲ. ಇದಕ್ಕೆ ಒಂದಿಷ್ಟೇ ಇಷ್ಟು ರಂಜಕ ಸೇರಿಸುತ್ತಾರೆ. ಎಷ್ಟೆಂದರೆ ಸುಮಾರು ಹತ್ತು ಲಕ್ಷ ಸಿಲಿಕಾನ್ ಪರಮಾಣುಗಳ ನಡುವೆ ಒಂದು. ರಂಜಕಕ್ಕೆ ಹೊರಗಿನ ಎಲೆಕ್ಟ್ರಾನುಗಳು ಐದು. ನಾಲ್ಕು ಕೈ ಹಿಡಿದವು, ಐದನೆಯದು ಬಿಡುವಾಗಿ ಓಡಾಡತೊಡಗಿತು. ರಂಜಕದ ಬದಲು ಬೋರಾನ್ ಹಾಕಿದರೆ ಅದಕ್ಕೆ ಹೊರಗಿನ ಎಲೆಕ್ಟ್ರಾನು ಮೂರೇ. ಒಂದು ಜಾಗ ಖಾಲಿ ಉಳಿಯುತ್ತದೆ. ಪಕ್ಕದ ಎಲೆಕ್ಟ್ರಾನು ಅಲ್ಲಿಗೆ ಜಿಗಿದರೆ ಅದು ಬಿಟ್ಟ ಜಾಗ ಖಾಲಿ. ಹೀಗೆ ಖಾಲಿ ಜಾಗವೇ ನಡೆದಾಡಿದಂತಾಗುತ್ತದೆ. ಒಂದು ಪಾತ್ರೆ ಹಾಲಿನ ಗುಣವನ್ನು ಒಂದು ಚಮಚ ಹೆಪ್ಪು ಬದಲಿಸುವುದಿಲ್ಲವೇ? ಇದೂ ಹಾಗೆಯೇ. ವಿದ್ಯುತ್ತನ್ನು ಪೂರ್ತಿ ಬಿಡುವ ತಾಮ್ರದಂತೆಯೂ ಅಲ್ಲದ, ಪೂರ್ತಿ ತಡೆಯುವ ಗಾಜಿನಂತೆಯೂ ಅಲ್ಲದ ಇಂಥ ವಸ್ತುವಿಗೆ ಅರೆವಾಹಕ ಎಂದು ಹೆಸರು.

ಈ ಎರಡು ಬಗೆಯ ಪದರಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದಾಗ ಡಯೋಡು, ಟ್ರಾನ್ಸಿಸ್ಟರುಗಳು ಹುಟ್ಟುತ್ತವೆ. ಡಯೋಡು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಟ್ರಾನ್ಸಿಸ್ಟರ್ ನಲ್ಲಿಯಂತೆ. ಹಿಡಿಯನ್ನು ತಿರುಗಿಸಲು ಬೇಕಾದ ಬಲ ಅಲ್ಪ, ಅದು ಅಂಕೆಯಲ್ಲಿಡುವ ಹರಿವು ದೊಡ್ಡದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರ್‌ನಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿತು. ನಮ್ಮ ಅಜ್ಜ ಅಜ್ಜಿಯರು ಪುಟ್ಟ ರೇಡಿಯೋವನ್ನೇ ‘ಟ್ರಾನ್ಸಿಸ್ಟರ್’ ಎಂದು ಕರೆದದ್ದು ಅದರೊಳಗಿನ ಈ ವಸ್ತುವಿನಿಂದಾಗಿ.

ಕಂಟೋನ್ಮೆಂಟಿನಲ್ಲಿ ಓದಿದ ಹುಡುಗ

ಮಿಲ್ಲರ್ಸ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಗೆ ಬಂದೆವು. ಇಲ್ಲಿ ಬಿಷಪ್ ಕಾಟನ್ ಬಾಲಕರ ಶಾಲೆ ಇದೆ. 1865ರಲ್ಲಿ ಸ್ಥಾಪನೆಯಾದ ಶಾಲೆ. ರಸ್ತೆಯಾಚೆ ನಿಂತು ಗೇಟಿನತ್ತ ನೋಡುತ್ತಾ ನಾನು ಹುಡುಗಿಗೆ ಹೇಳಿದೆ: “ನಿನ್ನ ಪರ್ಸಿನಲ್ಲಿರುವ ಬಿಲ್ಲೆಗೆ ಈ ಶಾಲೆಯ ಋಣವಿದೆ.”

ಬಂಟ್ವಾಳ ಜಯಂತ ಬಾಳಿಗಾ ಓದಿದ್ದು ಇಲ್ಲಿ. ಹೆಸರಿನಲ್ಲೇ ಬಂಟ್ವಾಳವಿದೆ. ಕರಾವಳಿಯ ಓದುಗರಿಗೆ ಆ ಊರು ಹೊಸತಲ್ಲ. ಅವರ ತಂದೆ ಬಂಟ್ವಾಳ ವಿಠ್ಠಲ ಮಂಜೇಶ್ವರ ಬಾಳಿಗಾ ಸ್ವಾತಂತ್ರ್ಯಪೂರ್ವದ ಪ್ರಮುಖ ವಿದ್ಯುತ್ ಎಂಜಿನಿಯರುಗಳಲ್ಲಿ ಒಬ್ಬರು. 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಜಯಂತ, ಆಗ ಹಳ್ಳಿಯಂತಿದ್ದ ಜಾಲಹಳ್ಳಿಯಲ್ಲಿ ಬೆಳೆದರು. 1969ರಲ್ಲಿ ಮದ್ರಾಸಿನ ಐ.ಐ.ಟಿ.ಯಿಂದ ಪದವಿ ಪಡೆದರು. ಅಮೆರಿಕದಲ್ಲಿ 1974ರಲ್ಲಿ ಡಾಕ್ಟರೇಟ್ ಮುಗಿಸಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಸಂಶೋಧನಾ ಕೇಂದ್ರ ಸೇರಿದರು.

ಅಂದಿನ ಸಮಸ್ಯೆಯೇನೆಂಬುದು ಮನೆಯ ಹಳೆಯ ಫ್ಯಾನ್ ರೆಗ್ಯುಲೇಟರನ್ನು ನೆನೆದರೆ ತಿಳಿಯುತ್ತದೆ. ಗೋಡೆಯ ಮೇಲಿನ ಆ ದೊಡ್ಡ ಡಬ್ಬಿ, ಫ್ಯಾನನ್ನು ನಿಧಾನ ಮಾಡಿದಷ್ಟೂ ಬಿಸಿಯಾಗುತ್ತಿತ್ತು. ಫ್ಯಾನಿಗೆ ಬೇಡವಾದ ವಿದ್ಯುತ್ತು ಅಲ್ಲಿ ಬಿಸಿಯಾಗಿ ಹಾಳಾಗುತ್ತಿತ್ತು, ಬಿಲ್ಲು ಮಾತ್ರ ನಾವೇ ಕಟ್ಟುತ್ತಿದ್ದೆವು. ಕಾರ್ಖಾನೆಗಳ ದೊಡ್ಡ ಮೋಟರುಗಳದೂ ಅದೇ ಪಾಡು. ಎಷ್ಟೋ ಕಡೆ ಮೋಟರು ಪೂರ್ತಿ ವೇಗದಲ್ಲಿ ಓಡುತ್ತಲೇ ಇರುತ್ತಿತ್ತು, ಹೆಚ್ಚಾದ ನೀರನ್ನೋ ಗಾಳಿಯನ್ನೋ ಅಡ್ಡಗಟ್ಟಿ ತಡೆಯುತ್ತಿದ್ದರು.

ಇದಕ್ಕೆ ಪರಿಹಾರ ಬಹಳ ಬೇಗ ಆಡುವ ಒಂದು ಸ್ವಿಚ್ಚು. ಸ್ವಿಚ್ಚು ಪೂರ್ತಿ ಮುಚ್ಚಿದ್ದರೆ ವಿದ್ಯುತ್ತು ಹರಿಯದು, ಆದ್ದರಿಂದ ಬಿಸಿಯಿಲ್ಲ. ಪೂರ್ತಿ ತೆರೆದಿದ್ದರೆ ತಡೆ ಕಡಿಮೆ, ಆದ್ದರಿಂದ ಬಿಸಿಯೂ ಕಡಿಮೆ. ಅರೆಬರೆ ತೆರೆದಾಗಲೇ ನಷ್ಟ ಜಾಸ್ತಿ. ಹಿಟ್ಟು ಕಲಸುವಾಗ ನೀರನ್ನು ಚಮಚದ ಲೆಕ್ಕದಲ್ಲಿ ಹಾಕುತ್ತೇವಲ್ಲ, ಹಾಗೆ ವಿದ್ಯುತ್ತನ್ನೂ ಸೆಕೆಂಡಿಗೆ ಸಾವಿರಾರು ಸಲ ತುಣುಕು ತುಣುಕಾಗಿ ಬಿಟ್ಟರೆ ಬೇಕಾದಷ್ಟೇ ಹೋಗುತ್ತದೆ. ಆದರೆ ಆಗ ಇದ್ದ ಟ್ರಾನ್ಸಿಸ್ಟರುಗಳಲ್ಲಿ ಒಂದು ಬಗೆಯದು ಭಾರೀ ವಿದ್ಯುತ್ತನ್ನು ಹೊರಬಲ್ಲದು, ಅದನ್ನು ಆಡಿಸುವುದು ಕಷ್ಟ. ಇನ್ನೊಂದನ್ನು ಆಡಿಸುವುದು ಸುಲಭ, ಆದರೆ ಹೆಚ್ಚು ವೋಲ್ಟೇಜಿನಲ್ಲಿ ಭಾರ ಹೊರಲಾರದು.

ಬಾಳಿಗಾ ಈ ಎರಡನ್ನೂ ಒಂದೇ ಸಿಲಿಕಾನ್ ಚೂರಿನೊಳಗೆ ಸೇರಿಸಿದರು. ಮೇಲ್ಭಾಗದಲ್ಲಿ ಗಾಜಿನಂಥ ತೆಳು ಪದರದ ಮೇಲೆ ಕುಳಿತ ‘ಗೇಟ್’. ಅದಕ್ಕೆ 15 ವೋಲ್ಟ್‌ನಷ್ಟು ಕೊಟ್ಟರೆ ಸಾಕು, ಕೆಳಗಿನ ಸಿಲಿಕಾನಿಗೆ ಅಂಟಿಕೊಳ್ಳದೆಯೇ ಎಲೆಕ್ಟ್ರಾನುಗಳನ್ನು ಸೆಳೆದು ದಾರಿ ತೆರೆಯುತ್ತದೆ. ಹಿಂಭಾಗದ ಪದರದಿಂದ ಖಾಲಿ ಜಾಗಗಳ ಪ್ರವಾಹ ನುಗ್ಗಿ ದಪ್ಪ ಸಿಲಿಕಾನನ್ನೂ ಒಳ್ಳೆಯ ವಾಹಕವಾಗಿಸುತ್ತದೆ. ತೊಡಕುಗಳೂ ಇದ್ದವು. ವಿದ್ಯುತ್ತು ಮಿತಿ ಮೀರಿದರೆ ಗೇಟಿನ ಮಾತು ನಡೆಯದೆ ಸ್ವಿಚ್ಚು ತೆರೆದೇ ಉಳಿಯುತ್ತಿತ್ತು. ಮುಚ್ಚುವಾಗಲೂ ತಡಮಾಡುತ್ತಿತ್ತು. ಒಳರಚನೆಯನ್ನು ತಿದ್ದಿ, ಎಲೆಕ್ಟ್ರಾನುಗಳ ಕಿರಣ ಹಾಯಿಸಿ ವೇಗವನ್ನು ಹದಗೊಳಿಸಿ ಅವರು ಇದನ್ನು ಬಳಕೆಗೆ ತಂದರು. 1983ರಲ್ಲಿ ಅದು ಮಾರುಕಟ್ಟೆಗೆ ಬಂತು. ಈ ಸಾಧನದ ಹಿಂದೆ ಇತರರ ದುಡಿಮೆಯೂ ಇದೆ ಎನ್ನಬೇಕು. ಅಮೆರಿಕದ ಆರ್.ಸಿ.ಎ. ಕಂಪೆನಿಯ ಬೆಕೆ ಮತ್ತು ವೀಟ್ಲಿ ಅದೇ ಕಾಲದಲ್ಲಿ ಪೇಟೆಂಟ್ ಪಡೆದಿದ್ದರು. ಜಪಾನಿನ ತೋಷಿಬಾ ಕಂಪೆನಿಯ ನಕಗಾವಾ ಆ ತೊಡಕನ್ನು ಪೂರ್ತಿ ನೀಗಿಸುವ ದಾರಿ ತೋರಿದರು.

ಮೆಟ್ರೋದ ಹೊಟ್ಟೆಯೊಳಗೆ

ಮಹಾತ್ಮ ಗಾಂಧಿ ರಸ್ತೆಯ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದೆವು. ಇಲ್ಲಿಂದ ಬೈಯಪ್ಪನಹಳ್ಳಿವರೆಗಿನ ಮಾರ್ಗ 2011ರ ಅಕ್ಟೋಬರ್ 20ರಂದು ಆರಂಭವಾಯಿತು. ದಕ್ಷಿಣ ಭಾರತದ ಮೊದಲ ಮೆಟ್ರೋ ಅದು. ಅದರ ಮರುದಿನವೇ, ಅಕ್ಟೋಬರ್ 21ರಂದು, ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರು ಬಾಳಿಗಾ ಅವರಿಗೆ ತಂತ್ರಜ್ಞಾನದ ರಾಷ್ಟ್ರೀಯ ಪದಕ ತೊಡಿಸಿದರು. ಇದು ಕೇವಲ ಕಾಕತಾಳೀಯ. ಆದರೆ ಎರಡೂ ಒಂದೇ ಬಿಲ್ಲೆಯ ಸುದ್ದಿ.

ಏಕೆಂದರೆ ಈ ರೈಲನ್ನು ಎಳೆಯುವುದರಲ್ಲಿ ಐ.ಜಿ.ಬಿ.ಟಿ.ಯ ಕೈ ದೊಡ್ಡದು. ಹಳಿಯ ಪಕ್ಕದಲ್ಲಿರುವ ಮೂರನೆಯ ಹಳಿಯಲ್ಲಿ 750 ವೋಲ್ಟ್ ಡಿ.ಸಿ. ವಿದ್ಯುತ್ತು ಹರಿಯುತ್ತದೆ. ಮೋಟರುಗಳಿಗೆ ಬೇಕಾದದ್ದು ತ್ರೀ ಫೇಸ್ ಎ.ಸಿ. ಬೋಗಿಯ ನೆಲದಡಿ ಇರುವ ಪೆಟ್ಟಿಗೆಯಲ್ಲಿ, ಒಲೆಯ ಬಿಲ್ಲೆಯ ಹಿರಿಯ ಅಣ್ಣಂದಿರಂಥ ದೊಡ್ಡ ಐ.ಜಿ.ಬಿ.ಟಿ.ಗಳು ಡಿ.ಸಿ.ಯನ್ನು ತುಂಡರಿಸಿ ಎ.ಸಿ.ಯಾಗಿ ಜೋಡಿಸುತ್ತವೆ. ರೈಲು ಹೊರಡುವಾಗ ಎ.ಸಿ.ಯ ಆವರ್ತನ ಕಡಿಮೆ, ವೇಗ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ನಿಲ್ದಾಣ ಬಿಡುವಾಗ ಕಾಲಡಿಯಿಂದ ‘ಊಂ’ ಎಂದು ಶುರುವಾಗಿ ಏರುತ್ತಾ ಹೋಗುವ ಸ್ವರ ಕೇಳುತ್ತದಲ್ಲ, ಅದು ಈ ಕೆಲಸದ ಸದ್ದೇ. ನಾವು ಮೂವರೂ ಹಲಸೂರಿನಲ್ಲಿ ಮಾತು ನಿಲ್ಲಿಸಿ ಕಿವಿಗೊಟ್ಟೆವು. ಆಪಾಳಿಗೆ ಮೊದಲು ಕೇಳಿಸಿತು.

ಬ್ರೇಕು ಹಾಕುವಾಗ ಇನ್ನೊಂದು ಲಾಭವಿದೆ. ಆಗ ಮೋಟರುಗಳೇ ಜನರೇಟರುಗಳಾಗುತ್ತವೆ. ಉರುಳುವ ರೈಲಿನ ಬಲ ವಿದ್ಯುತ್ತಾಗಿ ಮೂರನೆಯ ಹಳಿಗೆ ಮರಳುತ್ತದೆ. ಹತ್ತಿರದಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳಬಹುದು. ಹಲಸೂರಿನಲ್ಲಿ ನಿಂತವರ ಬಲದಿಂದ ಇಂದಿರಾನಗರದವರು ಹೊರಟರು ಎನ್ನಬಹುದು.

ಇಂದಿರಾನಗರ ದಾಟುವಾಗ ಬಲಗಡೆ ದೂರದಲ್ಲಿ ನ್ಯೂ ತಿಪ್ಪಸಂದ್ರ. ಈ ಮಾರ್ಗದ ಮೊದಲ ಬೋಗಿಗಳು ಅಲ್ಲಿನ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿ ಸಿದ್ಧವಾದವು. ಮೋಟರು ನಡೆಸುವ ಉಪಕರಣಗಳು ಮಾತ್ರ ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ಕಂಪೆನಿಯವು. ಹುಡುಗಿ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಕಂಡುಹಿಡಿದವರು ಇಲ್ಲಿ ಓದಿದವರು, ಬೋಗಿ ಕಟ್ಟಿದ್ದು ಇಲ್ಲಿ, ಚಿಪ್ ಮಾತ್ರ ಹೊರಗಿನಿಂದ ಯಾಕೆ ಖಾಲಾ?” ಎಂದಳು. ಸಿಲಿಕಾನಿನ ಮೇಲೆ ಸಾಧನಗಳನ್ನು ಮೂಡಿಸುವ ಕಾರ್ಖಾನೆಗೆ ಅಪಾರ ಬಂಡವಾಳ, ಎಂದೂ ಕೈಕೊಡದ ವಿದ್ಯುತ್ತು, ಬಹಳ ಶುದ್ಧವಾದ ನೀರು, ಧೂಳಿಲ್ಲದ ಕೋಣೆಗಳು ಮತ್ತು ನುರಿತ ಕೈಗಳು ಬೇಕು. 2024ರ ಮಾರ್ಚ್‌ನಲ್ಲಿ ಗುಜರಾತಿನ ಧೋಲೇರಾದಲ್ಲಿ ಅಂಥ ದೊಡ್ಡ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಕಟ್ಟಡವನ್ನು ಹಣದಿಂದ ಎಬ್ಬಿಸಬಹುದು. ಕೈಗಳನ್ನು ಕಾಲೇಜುಗಳೇ ತಯಾರಿಸಬೇಕು.

ಅಡುಗೆಮನೆಗೆ ಇದರಿಂದೇನು?

ಇಂಡಕ್ಷನ್ ಒಲೆಯಲ್ಲೂ ನಡೆಯುವುದು ಇದೇ. ಮನೆಯ 230 ವೋಲ್ಟ್ ಎ.ಸಿ.ಯನ್ನು ಮೊದಲು ಡಿ.ಸಿ. ಮಾಡಿ, ಐ.ಜಿ.ಬಿ.ಟಿ. ಅದನ್ನು ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ತೆರೆದು ಮುಚ್ಚಿ ತಾಮ್ರದ ಸುರುಳಿಗೆ ಬಿಡುತ್ತದೆ. ಅಷ್ಟು ವೇಗ ನಮ್ಮ ಕಿವಿಗೆ ಕೇಳದು. ಸುರುಳಿಯ ಸುತ್ತ ಏಳುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ವಿದ್ಯುತ್ ಸುಳಿಗಳನ್ನು ಎಬ್ಬಿಸಿ ಬಿಸಿ ಮಾಡುತ್ತದೆ. ಅದಕ್ಕೇ ಅಯಸ್ಕಾಂತ ಅಂಟುವ ತಳದ ಪಾತ್ರೆಯೇ ಬೇಕು. ಕೊಳ್ಳುವಾಗ ಒಂದು ಪುಟ್ಟ ಅಯಸ್ಕಾಂತವನ್ನು ತಳಕ್ಕೆ ಹಿಡಿದು ನೋಡಿದರೆ ಸಾಕು.

ಈ ಬಿಲ್ಲೆಯ ದೊಡ್ಡ ಶತ್ರು ಬಿಸಿ. ತಾಮ್ರ ಬಿಸಿಯಾದರೆ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಅರೆವಾಹಕದ ಸ್ವಭಾವ ಬೇರೆ. ಬಿಸಿಯಾದಷ್ಟೂ ಕೈ ಬಿಡಿಸಿಕೊಂಡು ಓಡಾಡುವ ಎಲೆಕ್ಟ್ರಾನುಗಳು ಹೆಚ್ಚುತ್ತವೆ. ಮುಚ್ಚಿದ್ದಾಗಲೂ ವಿದ್ಯುತ್ತು ಸೋರತೊಡಗುತ್ತದೆ, ಸೋರಿದ್ದರಿಂದ ಇನ್ನಷ್ಟು ಬಿಸಿ, ಇನ್ನಷ್ಟು ಸೋರಿಕೆ. ಸಾಮಾನ್ಯವಾಗಿ ಒಳಗಿನ ಸಿಲಿಕಾನ್ 150 ಡಿಗ್ರಿ ಸೆಲ್ಸಿಯಸ್ ದಾಟಬಾರದೆಂಬ ಮಿತಿಯಿದೆ. ಆದ್ದರಿಂದ ಒಲೆಯ ಅಡಿಯಲ್ಲಿ ಬಟ್ಟೆ, ಪೇಪರ್ ಹಾಸಬೇಡಿ. ಗೋಡೆಗೆ ಒತ್ತಿ ಇಡಬೇಡಿ. ಅಡುಗೆ ಮುಗಿದೊಡನೆ ಪ್ಲಗ್ಗಿನ ಸ್ವಿಚ್ಚು ಆರಿಸದೆ ಫ್ಯಾನು ತಾನಾಗಿ ನಿಲ್ಲುವವರೆಗೆ ಬಿಡಿ. ಜಿರಳೆ, ಇರುವೆ ಒಳಸೇರದಂತೆ ಸುತ್ತ ಸ್ವಚ್ಛವಾಗಿಡಿ. ಫ್ಯಾನಿನ ಸದ್ದು ಬದಲಾದರೆ ತೋರಿಸಿ. ಆದರೆ ಮನೆಯಲ್ಲಿ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದು.

ಇನ್ವರ್ಟರ್ ಎ.ಸಿ., ವಿದ್ಯುತ್ ಕಾರು, ಗಾಳಿಯಂತ್ರ, ಹೃದಯ ನಿಂತಾಗ ಎದೆಗೆ ವಿದ್ಯುತ್ ಆಘಾತ ಕೊಟ್ಟು ಜೀವ ಉಳಿಸುವ ಕೈಯಳತೆಯ ಯಂತ್ರ, ಎಲ್ಲದರಲ್ಲೂ ಈ ಸಾಧನ ಬಳಕೆಯಲ್ಲಿದೆ. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಾಳಿಗಾ ಅವರಿಗೆ ಸಂದಿತು. ಅದರ ಮೊತ್ತ 10 ಲಕ್ಷ ಯೂರೋ. ಮೋಟರುಗಳಲ್ಲಿ, ದೀಪಗಳಲ್ಲಿ ಹಾಳಾಗುತ್ತಿದ್ದ ವಿದ್ಯುತ್ತನ್ನು ಉಳಿಸಿ, ಕಲ್ಲಿದ್ದಲ ಹೊಗೆಯನ್ನು ಅಷ್ಟರಮಟ್ಟಿಗೆ ತಗ್ಗಿಸಿದ್ದಕ್ಕೆ ಸಂದ ಗೌರವವದು.

ದೂರವಾಣಿನಗರದ ಹೆಂಗಸರು

ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ನಡುವಿನ ಮೆಟ್ರೋ ತುಂಡು 2023ರ ಅಕ್ಟೋಬರ್‌ನಲ್ಲಿ ತೆರೆಯಿತು. ಅದರಿಂದ ನಮ್ಮ ಪಯಣ ಸುಲಭವಾಯಿತು. ಇಳಿದು ಆಟೋ ಹಿಡಿದು ದೂರವಾಣಿನಗರದ ಮುಂದೆ ಹೋದೆವು. 1948ರಲ್ಲಿ ಇಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐ.ಟಿ.ಐ., ಆರಂಭವಾಯಿತು. ಬೆರಳಿನಿಂದ ತಿರುಗಿಸುವ ಕಪ್ಪು ಫೋನುಗಳು, ಅವುಗಳನ್ನು ಜೋಡಿಸುವ ಎಕ್ಸ್‌ಚೇಂಜುಗಳು ಇಲ್ಲಿಂದ ದೇಶಕ್ಕೆಲ್ಲ ಹೋದವು. ಆಗ ಎಕ್ಸ್‌ಚೇಂಜಿನೊಳಗೆ ಲೋಹದ ಸ್ವಿಚ್ಚುಗಳು ಟಕಟಕನೆ ಚಲಿಸಿ ಕರೆಗಳನ್ನು ಸೇರಿಸುತ್ತಿದ್ದವು. ಅವು ಸವೆಯುತ್ತಿದ್ದವು, ಧೂಳು ಕುಳಿತು ಕೈಕೊಡುತ್ತಿದ್ದವು. ಆಮೇಲೆ ಚಲನೆಯೇ ಇಲ್ಲದ ಅರೆವಾಹಕ ಸ್ವಿಚ್ಚುಗಳು ಆ ಜಾಗಕ್ಕೆ ಬಂದವು.

ಫೋನುಗಳ ಸಣ್ಣ ಸಣ್ಣ ಬಿಡಿಭಾಗಗಳನ್ನು ಜೋಡಿಸುತ್ತಾ ಇಲ್ಲಿ ಬಹಳಷ್ಟು ಹೆಂಗಸರು ದುಡಿದರು. ತಂತಿ ಹಿಡಿದು ಬೆಸುಗೆ ಹಾಕಿದರು, ಸಂಬಳ ತಂದು ಮಕ್ಕಳನ್ನು ಓದಿಸಿದರು. ‘ತಂತಿ ಹಿಡಿದು ಹುಡುಗಿ ಏನು ಮಾಡ್ತಾಳೆ’ ಎಂಬ ಪ್ರಶ್ನೆಗೆ ನಮ್ಮ ಊರಿನ ಪೂರ್ವ ಭಾಗ ದಶಕಗಳ ಹಿಂದೆಯೇ ಉತ್ತರ ಕೊಟ್ಟಿದೆ. ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಜೋಡಿಸುವ ಕೆಲಸ. ಇಂದಿನ ಹೆಣ್ಣುಮಕ್ಕಳಿಗೆ ಆ ಚಿಪ್‌ನ ನಕ್ಷೆಯನ್ನೇ ಬರೆಯುವ, ಪರೀಕ್ಷಿಸುವ ದಾರಿಯೂ ತೆರೆದಿದೆ.

ದಾರಿಗಳು ಹಲವು. ಪಿಯುಸಿ ವಿಜ್ಞಾನ ಮುಗಿಸಿದವರು ಸಿ.ಇ.ಟಿ. ಬರೆದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಸೇರಬಹುದು. ಎಸ್ಸೆಸ್ಸೆಲ್ಸಿ ಮುಗಿಸಿದವರು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಬೇಕೆಂದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಅಷ್ಟು ಓದಲು ಅನುಕೂಲವಿಲ್ಲದವರಿಗೆ ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿಕೆಯಿದೆ. ಮಿಕ್ಸಿ, ಒಲೆ, ಇನ್ವರ್ಟರ್ ರಿಪೇರಿಯನ್ನು ಮನೆಯಲ್ಲೇ ಕುಳಿತು ಮಾಡುವ ಹೆಣ್ಣುಮಗಳೊಬ್ಬಳು ಪ್ರತಿ ಬಡಾವಣೆಯಲ್ಲೂ ಇದ್ದರೆ ಎಷ್ಟು ಗೃಹಿಣಿಯರಿಗೆ ಅನುಕೂಲ!

ಮರಳುವ ದಾರಿಯಲ್ಲಿ ಆಪಾ ಹೆಚ್ಚು ಮಾತಾಡಲಿಲ್ಲ. ಬೆನ್ನಿಗಾನಹಳ್ಳಿ ದಾಟಿದ ಮೇಲೆ ಮಗಳಿಗೆ, “ನಿನ್ನ ಅಬ್ಬಾನ ಹತ್ತಿರ ನಾನು ಮಾತಾಡ್ತೀನಿ. ಆದರೆ ಕಾಲೇಜು ಹತ್ತಿರದ್ದೇ ಇರಬೇಕು, ಓದು ಅರ್ಧಕ್ಕೆ ಬಿಡಬಾರದು” ಎಂದಳು. ಷರತ್ತುಗಳು ಎರಡೇ. ಹುಡುಗಿ ಎರಡಕ್ಕೂ ಒಪ್ಪಿದಳು. ಕಾಲೇಜುಗಳ ಪಟ್ಟಿ ಮಾಡುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.